ನಾನು ಬರೆದ ಉರ್ದು ಅರ್ಜಿ

ಲಿಂಗಸುಗೂರಿನ ಹತ್ತಿ ಗಿರಣಿಯ ಕೂಲಿಕಾರರಲ್ಲಿ ಉರ್ದು ಬಲ್ಲವನು ನಾನೊಬ್ಬನೇ. ಹಾಗಂತ ಎಲ್ಲರಿಗೂ ನಾನೇ ಹೇಳಿದ್ದೆ!

ನಿಜಾಮರ ಕಾಲ. ನಾಲ್ಕು ಜನ ಕೂತು ಓದಬೇಕಾದರೂ ಸರ್ಕಾರದ ಅಪ್ಪಣೆ ಬೇಕು, ಅದನ್ನು ಉರ್ದುವಿನಲ್ಲೇ ಕೇಳಬೇಕು. ನಮ್ಮ ಕೂಲಿಕಾರರ ಸಂಘದವರು ಗಿರಣಿ ಹಿಂದಿನ ಪಾಳು ಕೋಣೆಯನ್ನು ಸಾರಿಸಿ, ಅವರಿವರನ್ನು ಕಾಡಿ ಒಂದಿಷ್ಟು ಕನ್ನಡ ಪುಸ್ತಕ ಕೂಡಿಸಿದ್ದರು. ಶುಕ್ರವಾರದ ರಜೆಯಲ್ಲಿ ಓದಲು ಬರುವವರು ಓದಬೇಕು, ಬಾರದವರು ಅಕ್ಷರ ಕಲಿಯಬೇಕು ಎಂಬ ಆಸೆ.

"ಅರ್ಜಿ ಬರಿಯಾಕ ವಕೀಲರನ್ನ ಕೇಳೋಣೇನು?" ಎಂದರು ಸಂಘದ ಹಿರಿಯ ವೀರಭದ್ರಪ್ಪ.

"ನಾ ಇದ್ದಾಗ ವಕೀಲರ್‍ಯಾಕ್ರೀ ಕಾಕಾ?"

ನನ್ನ ಹೆಂಡತಿ ಬಸಮ್ಮ ಅದೇ ಗಿರಣಿಯಲ್ಲಿ ಹತ್ತಿ ಆರಿಸುವವಳು. "ಯಾರಿಗಾರ ಒಮ್ಮಿ ತೋರ್ಸಿ ಕೊಡ್ರಿ" ಎಂದಳು. ನಾನು ನಕ್ಕುಬಿಟ್ಟೆ. ಓದು ಬಾರದವಳು ನನಗೆ ಬುದ್ಧಿ ಹೇಳುವುದೇ!

ಎಂಟೇ ದಿನಕ್ಕೆ ಮಂಜೂರಾತಿ ಬಂತು! ರುಮಾಲು ಸುತ್ತಿಕೊಂಡು ಕಚೇರಿಗೆ ಹೋದೆ. ಕಾಗದ ಕೊಟ್ಟ ಗುಮಾಸ್ತ ಮುಸಿಮುಸಿ ನಗುತ್ತಿದ್ದ. ನನ್ನ ಬರವಣಿಗೆ ಮೆಚ್ಚಿರಬೇಕು ಅಂದುಕೊಂಡೆ.

ವೀರಭದ್ರಪ್ಪ ಅದನ್ನು ಸಾಲಿ ಮಾಸ್ತರರಿಂದ ಓದಿಸಿದರು. ಮಾಸ್ತರರು ಓದಿ, ಚಷ್ಮಾ ಒರೆಸಿಕೊಂಡು ಮತ್ತೆ ಓದಿದರು.

"ಪಾರಿವಾಳ ಸಾಕಾಕ ಅಪ್ಪಣಿ ಕೊಟ್ಟಾರ್ರೀ!"

ಪುಸ್ತಕದ ಮನೆಗೆ ಉರ್ದುವಿನಲ್ಲಿ ಕುತುಬಖಾನಾ ಎನ್ನುತ್ತಾರೆ. ನಾನು ಬರೆದದ್ದು ಕಬೂತರಖಾನಾ. ಪಾರಿವಾಳದ ಗೂಡು!

"ಪಾರಿವಾಳಂತ ಎಂಟು ದಿನಕ್ಕ ಬಂತು, ಪುಸ್ತಕಂತ ಮತ್ತೊಂದು ಅರ್ಜಿ ಕೊಟ್ರ ವರ್ಷ ಹಿಡಿತೈತಿ" ಎಂದರು ವೀರಭದ್ರಪ್ಪ. "ಹೋಗು, ಪಾರಿವಾಳ ತಗೊಂಡ್ ಬಾ. ಅವುಗಳ ನೆಪದಾಗ ಓದೋಣ."

ಮಸ್ಕಿಯಿಂದ ಆರು ಪಾರಿವಾಳಗಳನ್ನು ಬುಟ್ಟಿಯಲ್ಲಿ ಹೊತ್ತು ತಂದೆ. ದಾರಿಯುದ್ದಕ್ಕೂ ಅವು ನನ್ನ ರುಮಾಲಿಗೆ ಸುಣ್ಣ ಬಳಿದವು.

ಮೊದಲ ಶುಕ್ರವಾರವೇ ಪೊಲೀಸ್ ಅಮೀನ ಸಾಹೇಬರು ತಪಾಸಣೆಗೆ ಬಂದರು.

"ಪಾರಿವಾಳ ಠೀಕ್. ಈ ಪುಸ್ತಕ ಯಾಕ?"

ಎಲ್ಲರೂ ನನ್ನನ್ನೇ ನೋಡಿದರು.

"ಹುಜೂರ್, ಅವಕ್ಕ ಬ್ಯಾಸರಾಗಬಾರ್ದಂತ ಓದಿ ಹೇಳ್ತೀವ್ರೀ!"

ಕೋಣೆಗೆ ಬೀಗ ಬೀಳುವುದೊಂದೇ ಬಾಕಿ. ಆಗ ಮೂಲೆಯಲ್ಲಿ ಅಕ್ಷರ ತಿದ್ದುತ್ತಿದ್ದ ಬಸಮ್ಮ ಪಾಟಿ ಹಿಡಿದು ಮುಂದೆ ಬಂದಳು.

"ಸಾಹೇಬ್ರ, ಇವ್ರು ತಪ್ಪು ಬರದಾರ್ರೀ. ನಾವು ಕೇಳಿದ್ದು ಪುಸ್ತಕಕ್ಕ. ಇವತ್ತ ನಾ ನನ್ನ ಹೆಸರು ಬರಿಯಾಕತ್ತೀನಿ. ಇನ್ನ ಎರಡಕ್ಷರ ಉಳದಾವ."

ಸಾಹೇಬರು ಪಾಟಿ ನೋಡಿದರು. ಹೊಟ್ಟೆ ಕುಣಿಯುವಂತೆ ನಕ್ಕರು. ಕಾಗದ ಇಸಿದುಕೊಂಡು, ತಪ್ಪು ಹೊಡೆದುಹಾಕಿ, ಸರಿಯಾಗಿ ಬರೆದು ರುಜು ಹಾಕಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಉರ್ದು ಎಲ್ಲಿ ಕಲ್ತಿ?"

"ಅಂಗಡಿ ಫಲಕ ನೋಡಿ ನೋಡೀರಿ."

"ಹಂಗಾದ್ರ ನೀನೂ ಪಾಟಿ ಹಿಡಿ. ಇಲ್ಲಾ ಅಪ್ಪಣಿ ರದ್ದು!"

ವರ್ಷದೊಳಗೆ ಬಸಮ್ಮ ಗಟ್ಟಿಯಾಗಿ ಪುಸ್ತಕ ಓದತೊಡಗಿದಳು, ಸುತ್ತ ಹೆಣ್ಣಾಳುಗಳು ಕೂತು ಕೇಳತೊಡಗಿದರು. ನಾನು ಮೂಲೆಯಲ್ಲಿ ಮಾಸ್ತರರ ಮುಂದೆ ಉರ್ದುವಿನ ಅಲಿಫ್, ಬೇ ತಿದ್ದುತ್ತಿದ್ದೆ. ಸಿಂಧನೂರಿನಿಂದ ಬಂದ ಕೂಲಿಕಾರರೊಬ್ಬರು ನನ್ನ ಹತ್ತಿರವೇ ಬಂದು ಕೇಳಿದರು:

"ಪಾರಿವಾಳದ ಅರ್ಜಿ ಬರದೋರು ಯಾರ್ರೀ ಇಲ್ಲಿ?"

"ಅವ್ರು ಊರು ಬಿಟ್ಟು ಹೋಗ್ಯಾರ್ರೀ" ಎಂದು ತಲೆ ತಗ್ಗಿಸಿ ಮತ್ತೆ ತಿದ್ದತೊಡಗಿದೆ.