ಟವೆಲ್ಲಿನ ಕೆಳಗೆ ಹೋದ ಮಾರುತಿ

ಕೆಲವರಿಗೆ ಇಸ್ಪೀಟಿನ ಚಟ, ಕೆಲವರಿಗೆ ಎಲೆ ಅಡಿಕೆಯ ಚಟ. ನನಗಿರುವುದು ವ್ಯಾಪಾರದ ಚಟ. ಲಾಭದ ಆಸೆಯೆಂದು ತಿಳಿಯಬೇಡಿ, ಲಾಭ ಮಾಡುವ ವ್ಯಾಪಾರಿಗಳ ತಳಿಯೇ ಬೇರೆ. ನನಗೆ ಬೇಕಾದದ್ದು ಕೊಡುವುದು, ತೆಗೆದುಕೊಳ್ಳುವುದು, ಅಷ್ಟೇ. ಬಸ್ಸಿನಲ್ಲಿ ಪಕ್ಕದವನಿಗೆ ಕಡ್ಲೆಕಾಯಿ ಪೊಟ್ಟಣ ಕೊಟ್ಟು ಕಿಟಕಿ ಸೀಟು ಹಿಡಿದು, ಇಳಿಯುವ ಊರು ಬರುವ ಮೊದಲೇ ಸೀಟು ಹಿಂದಿರುಗಿಸಿ ಅರ್ಧ ಪೊಟ್ಟಣ ವಾಪಸು ಇಸಿದುಕೊಂಡಿದ್ದೇನೆ. ಒಮ್ಮೆ ಮಳೆ ಬರಬಹುದೆಂದು ಹೆಂಡತಿ ಛತ್ರಿ ಕೊಟ್ಟು ಕಳಿಸಿದಳು. ಸಂಜೆ ನಾನು ತೊಯ್ದು ತೊಪ್ಪೆಯಾಗಿ, ಕೈಯಲ್ಲಿ ಒಂದು ಒಳ್ಳೆಯ ಟಾರ್ಚ್ ಹಿಡಿದು ಮನೆಗೆ ಬಂದೆ. "ನಿಮ್ ಕೈಗೆ ಏನ್ ಕೊಟ್ರೂ ಬೈಗಾಗೋದ್ರೊಳ್ಗೆ ಅದು ಇನ್ನೊಂದಾಗಿರ್ತದೆ. ನನ್ನ ಮಾತ್ರ ಸಂತೆಗೆ ಕರ್ಕೊಂಡ್ ವೋಗ್ಬ್ಯಾಡಿ" ಎಂದಳು. ಅವಳು ಇಂದಿಗೂ ನನ್ನ ಜೊತೆ ಸಂತೆಗೆ ಬರುವುದಿಲ್ಲ.

ಈ ಚಟದಿಂದ ನನಗೆ ಆದ ನಷ್ಟಗಳನ್ನೆಲ್ಲ ನಾನು ನಗುತ್ತ ನುಂಗಿದ್ದೇನೆ. ಗಂಟಲಲ್ಲಿ ಸಿಕ್ಕಿಕೊಂಡಿರುವುದು ಒಂದೇ ಒಂದು. ಅದು ನನ್ನ ತಮ್ಮ ರಂಗನಿಗೆ ಆದ ನಷ್ಟ.

ನಮ್ಮದು ಬರಗೂರಿನ ಕಡೆಯ ಕುರಿ ಸಾಕುವ ಮನೆ. ಇಬ್ಬರು ಮಕ್ಕಳಲ್ಲಿ ಒಬ್ಬ ಕುರಿಯ ಹಿಂದೆ ಹೋಗಬೇಕಿತ್ತು. ಮಗ್ಗಿಯ ಹಿಂದೆ ಹೋಗುವುದಕ್ಕಿಂತ ಅದೇ ಸುಲಭವೆಂದು ಕಂಡು ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟೆ. ರಂಗ ಓದಿದ, ಶಿರಾದ ಒಂದು ಹೈಸ್ಕೂಲಿನಲ್ಲಿ ಆಟದ ಮೇಷ್ಟ್ರಾದ. ಆದರೆ ಕುರಿಯ ವಿಚಾರದಲ್ಲಿಯೂ ಅವನ ಕಣ್ಣೇ ಚುರುಕು. ನಾನು ಸಂತೆಗೆ ಹೋದರೆ ಬಲಿತ ಟಗರಿನ ಮುಂದೆ ನಿಂತುಬಿಡುತ್ತಿದ್ದೆ. ಸುತ್ತಿದ ಕೊಂಬು, ದಪ್ಪ ಕುತ್ತಿಗೆ, ಕಣ್ಣಲ್ಲಿ ಗತ್ತು. ಹಾಗೆ ಒಮ್ಮೆ ನಮ್ಮ ಒಳ್ಳೊಳ್ಳೆಯ ಮರಿಗಳನ್ನು ಕೊಟ್ಟು ಒಂದು ಟಗರು ತಂದೆ. ಮೆರವಣಿಗೆಯ ಹಾಗೆ ಊರಿಗೆ ಬಂತು. ಹಟ್ಟಿಗೆ ಬಿಟ್ಟ ತಕ್ಷಣ ಹೆಣ್ಣು ಕುರಿಗಳನ್ನು ನೋಡಿ ಬೆದರಿ, ಓಡಿಹೋಗಿ ಅವ್ವನ ಸೀರೆಯ ಹಿಂದೆ ನಿಂತುಕೊಂಡಿತು. ಅವ್ವ ಅದರ ಕೊಂಬು ಸವರುತ್ತ, "ಲೇ, ಇದುಕ್ಕೂ ಒಂದ್ ಸೀರೆ ತಂದ್ಬುಡು, ಇಬ್ರೂ ಅಡ್ಗೆ ಮನೇಲಿ ಕೂತ್ಕಂತೀವಿ" ಎಂದಳು.

ರಂಗ ಆಗಿನ್ನೂ ಚಡ್ಡಿ ಹಾಕುವ ಹುಡುಗ. ಹಟ್ಟಿಯ ಮೂಲೆಯಲ್ಲಿ ಮುದುರಿಕೊಂಡಿದ್ದ ಒಂದು ಬಡಕಲು ಮರಿಯನ್ನು ತೋರಿಸಿ, "ಇದ್ನ ಸಾಕಾಣ ಅಣ್ಣ" ಎಂದ. ನಾನು ನಕ್ಕೆ. "ಮರಿ ನೋಡ್ಬ್ಯಾಡ, ಅದ್ರ ತಾಯಿ ನೋಡು. ಎಲ್ಲಾ ಕುರಿ ನೆಳ್ಳಲ್ಲಿ ಮಲ್ಗಿದ್ರೆ ಅದೊಂದೇ ಬಿಸ್ಲಲ್ಲಿ ಮೇಯ್ತಿರ್ತದೆ" ಎಂದ. ಆ ಬಡಕಲು ಮರಿ ಬೆಳೆದು ನಮ್ಮ ಮಂದೆಯನ್ನೇ ಬೆಳೆಸಿತು. ನಾನು ಮಾತ್ರ ಬುದ್ಧಿ ಕಲಿಯಲಿಲ್ಲ.

ಈ ಕುರಿಯ ಬುದ್ಧಿಯನ್ನೇ ರಂಗ ಫುಟ್ಬಾಲಿಗೂ ಹಚ್ಚಿದ. ವರ್ಷಕ್ಕೊಮ್ಮೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕಿನ ತಂಡಗಳು ಆಡುತ್ತವೆ. ಶಿರಾ ತಂಡ ರಂಗನದು. ಆಟ ಶುರುವಾಗುವ ಮೊದಲು ಮಧುಗಿರಿ ಬೆಟ್ಟದ ಕೆಳಗಿನ ಮೈದಾನದಲ್ಲಿ ಒಂದು ದಿನ ಡ್ರಾಫ್ಟ್ ಎಂದು ಮಾಡುತ್ತಾರೆ. ಆ ವರ್ಷ ಹೈಸ್ಕೂಲು ಮುಗಿಸಿದ ಹುಡುಗರು ಸಾಲಾಗಿ ನಿಲ್ಲುತ್ತಾರೆ. ಹಿಂದಿನ ಸಲ ಕೊನೆಯ ಸ್ಥಾನಕ್ಕೆ ಬಂದ ತಂಡ ಎಲ್ಲರಿಗಿಂತ ಮೊದಲು ಒಬ್ಬನನ್ನು ಆರಿಸಿಕೊಳ್ಳುತ್ತದೆ, ಗೆದ್ದ ತಂಡದ ಸರದಿ ಎಲ್ಲರಿಗಿಂತ ಕಡೆಗೆ. ಇದು ಬೇಡವೆನ್ನುವವರು ಎಲ್ಲಿಂದಲಾದರೂ ಬಲಿತ ಆಟಗಾರರನ್ನು ಕರೆತಂದು ಇಳಿಸಬಹುದು. ಇಬ್ಬರು ಒಪ್ಪಿದರೆ ಸರದಿ ಕೊಟ್ಟು ಆಟಗಾರನನ್ನು ತೆಗೆದುಕೊಳ್ಳಲೂ ಬಹುದು. ಈ ಕೊನೆಯ ನಿಯಮವನ್ನು ಮಾಡಿದ ಪುಣ್ಯಾತ್ಮನಿಗೆ ನನ್ನಂಥವನೊಬ್ಬ ಭೂಮಿಯ ಮೇಲಿದ್ದಾನೆಂದು ತಿಳಿದಿರಲಿಲ್ಲ.

ಮಿಕ್ಕ ಮೂರು ತಂಡಗಳೂ ಬಲಿತವರನ್ನೇ ತರುತ್ತಿದ್ದವು. ರಂಗ ಒಬ್ಬನೇ ಎಳೆಯ ಹುಡುಗರನ್ನು ಆರಿಸಿ, ತಿದ್ದಿ, ಬೆಳೆಸುತ್ತೇನೆಂದು ಹಟ ಹಿಡಿದ. ಪರಿಣಾಮವಾಗಿ ನಮ್ಮ ತಂಡ ಬಹಳ ಶ್ರದ್ಧೆಯಿಂದ ಸೋಲುತ್ತಿತ್ತು. ಒಂದು ವರ್ಷ ಕಡೆಯ ಪಂದ್ಯವನ್ನೂ ಸೋತು ಕೊನೆಯ ಸ್ಥಾನ ಖಾಯಂ ಆದಾಗ ರಂಗ ಮೈದಾನದಲ್ಲೇ ಕುಣಿದಾಡಿ ಎಲ್ಲರಿಗೂ ಟೀ ಕುಡಿಸಿದ. ಹೋಟೆಲಿನವನು ನನ್ನನ್ನು ಪಕ್ಕಕ್ಕೆ ಕರೆದು, "ನಿನ್ ತಮ್ಮುಂಗೆ ತಲೆಗಿಲೆ ಸರಿ ಐತಾ? ಗೆದ್ದೋರು ತೆಪ್ಪಗೆ ವೋದ್ರು, ಸೋತೋನು ಕುಣೀತಾವ್ನೆ" ಎಂದು ಕೇಳಿದ.

ರಂಗ ಕುಣಿದದ್ದು ಮಾರುತಿಗಾಗಿ. ಮಾರುತಿ ಕೊರಟಗೆರೆ ತಾಲ್ಲೂಕಿನ ಒಂದು ಹಳ್ಳಿಯ ಹುಡುಗ, ಎಡಗಾಲಿನ ಆಟಗಾರ. ಎರಡು ವರ್ಷದಿಂದ ರಂಗ ಭಾನುವಾರ ಬಂದರೆ ಬೈಕು ಹತ್ತಿ ಅವನ ಆಟ ನೋಡಲು ಹೋಗುತ್ತಿದ್ದ. ಹುಡುಗ ಹೈಸ್ಕೂಲು ಮುಗಿಸುವ ವರ್ಷಕ್ಕೆ ಸರಿಯಾಗಿ ಮೊದಲ ಸರದಿ ಸಿಕ್ಕಿತ್ತು. ನೀರು ಕೇಳುವ ನೆಪದಲ್ಲಿ ರಂಗ ಒಮ್ಮೆ ಅವರ ಮನೆಗೂ ಹೋಗಿ ಬಂದಿದ್ದ. "ಅಣ್ಣ, ಅವ್ರವ್ವ ಕೋತಿ ಓಡುಸ್ತಿದ್ಲು ಕಣಣ್ಣ. ಕಡ್ಲೆಕಾಯಿ ವೊಲದಾಗೆ ಆ ಕಡೀಕೂ ಈ ಕಡೀಕೂ ತಿರುಗ್ತಾ ಓಡುದ್ಲು, ಒಂದ್ ಗಿಡ ತುಳೀಲಿಲ್ಲ. ಅವ್ವನೇ ಇಂಗಾದ್ರೆ ಮಗ ಹೆಂಗಿರ್ಬೇಕು!" ಎಂದು ಕಣ್ಣರಳಿಸಿದ್ದ.

ಡ್ರಾಫ್ಟಿನ ದಿನವೇ ರಂಗನ ಹೆಂಡತಿ ಶೋಭಾಳಿಗೆ ಹೆರಿಗೆ ನೋವು ಬಂತು. ರಂಗ ಶಿರಾ ಆಸ್ಪತ್ರೆಯಲ್ಲಿ ಉಳಿದು ನನ್ನನ್ನು ಮಧುಗಿರಿಗೆ ಕಳಿಸಿದ. "ಅಣ್ಣ, ನೀನೇನೂ ಮಾಡ್ಬ್ಯಾಡ. ಶಿರಾ ಅಂತ ಕರೀತಾರೆ, ಎದ್ದು ಮಾರುತಿ ಅನ್ನು, ಬಸ್ ಹತ್ತು, ಬಂದ್ಬುಡು."

"ಅದೇನ್ ದೊಡ್ಡ ಕೆಲ್ಸ ಬುಡ್ಲಾ" ಎಂದು ನಾನು ಹೊರಟೆ.

ಮೈದಾನದಲ್ಲಿ ಬೇವಿನ ನೆರಳಿಗೆ ಕುರ್ಚಿ ಹಾಕಿದ್ದರು. ನನ್ನ ಪಕ್ಕದ ಕುರ್ಚಿಗೆ ಬಂದು ಕೂತವನು ಪಾವಗಡ ತಂಡದ ಯಜಮಾನ ಅಂಜಿನಪ್ಪ. ಶಿರಾ ಕುರಿ ಸಂತೆಯಲ್ಲಿ ನನಗೆ ಹಳೆಯ ಪರಿಚಯ. ಅವನ ಹೆಗಲ ಮೇಲೆ ಟವೆಲ್ಲಿತ್ತು. ಕುರಿ ಸಂತೆ ಕಾಣದವರಿಗೆ ಈ ಟವೆಲ್ಲಿನ ಮಹಿಮೆ ಹೇಳಬೇಕು. ನಾವು ಬಾಯಲ್ಲಿ ವ್ಯಾಪಾರ ಮಾಡುವುದಿಲ್ಲ. ಇಬ್ಬರೂ ಟವೆಲ್ಲಿನ ಕೆಳಗೆ ಕೈ ಸೇರಿಸಿ ಬೆರಳು ಹಿಡಿದು ಕೇಳುತ್ತೇವೆ, ಬೆರಳು ಹಿಡಿದು ಹೇಳುತ್ತೇವೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಒಪ್ಪಿಗೆಯಾದರೆ ಪೂರ್ತಿ ಕೈಯನ್ನು ಹಿಸುಕಬೇಕು. ಒಮ್ಮೆ ಹಿಸುಕಿದ ಮೇಲೆ ಅಷ್ಟೇ. ಮಾತು ತಪ್ಪಿದವನ ಜೊತೆ ಆಮೇಲೆ ಸಂತೆಯಲ್ಲಿ ಯಾರೂ ಕೈ ಸೇರಿಸುವುದಿಲ್ಲ.

ಅಂಜಿನಪ್ಪ ಹುಡುಗರ ಸಾಲನ್ನು ನೋಡುತ್ತ, ಪಾವಗಡದ ತೆಲುಗು ಬೆರೆತ ಮಾತಿನಲ್ಲಿ, "ಏಂ ಅನ್ನಾ, ಈ ಪಿಲ್ಲಗಾಳ್ನ ಇಟ್ಕಂಡು ಏನ್ ಮಾಡ್ತೀರಿ? ಮೀಸೆ ಬರೋವರ್ಗೂ ಕಾಯ್ತೀರಾ? ನಮ್ಮ ಓಬಳೇಶು ನೋಡು" ಎಂದು ಕೈ ತೋರಿಸಿದ. ಅಲ್ಲಿ, ಗೇಟಿನ ಹತ್ತಿರ, ಓಬಳೇಶ ನಿಂತಿದ್ದ. ಅಬ್ಬಾ! ಆ ತೊಡೆ! ಆ ಕುತ್ತಿಗೆ! ಸುತ್ತಿಕೊಂಡ ಮೀಸೆ! ಕಬ್ಬಿನ ಹಾಲಿನ ಲೋಟ ಅವನ ಕೈಯಲ್ಲಿ ಬಟ್ಟಲಿನಂತೆ ಕಾಣುತ್ತಿತ್ತು. ನನ್ನ ಕಣ್ಣು ಅವನ ಮೇಲಿದ್ದಾಗ ಅಂಜಿನಪ್ಪ ಟವೆಲ್ಲನ್ನು ನಿಧಾನವಾಗಿ ತನ್ನ ಬಲಗೈ ಮೇಲೆ ಇಳಿಬಿಟ್ಟ. ನನ್ನ ಕೈ ನನ್ನನ್ನು ಕೇಳದೆ ಒಳಗೆ ಹೋಯಿತು.

ಅಂಜಿನಪ್ಪ ಒಂದು ಬೆರಳು ಹಿಡಿದ. ಅಂದರೆ ನಿಮ್ಮ ಮೊದಲ ಸರದಿಗೆ ಓಬಳೇಶ. ನಾನು ಎರಡು ಬೆರಳು ಹಿಡಿದೆ. "ಅಂದ್ರೆ?" ಎಂದ. "ಎಲ್ಡು ವೊಸಾ ಬಾಲು" ಎಂದೆ. ಅವನು ಒಪ್ಪಿದ. ಮೂರನೆಯ ಬೆರಳು ಹಿಡಿದೆ. ಏನು ಕೇಳಬೇಕೆಂದು ನನಗೇ ಗೊತ್ತಿರಲಿಲ್ಲ. ಎದುರಿಗೆ ಪಾವಗಡದವರು ತಂದು ಕಟ್ಟಿದ್ದ ಗೋಲಿನ ಬಲೆ ಕಾಣಿಸಿತು, "ಅದು" ಎಂದೆ. ಇಲ್ಲಿಂದ ಮುಂದಿನದನ್ನು ನಮ್ಮ ಮನೆಯಲ್ಲಿ ಎಲ್ಲರೂ ಹೇಳುವ ಹಾಗೆಯೇ ಹೇಳುತ್ತೇನೆ. ಅಷ್ಟರಲ್ಲಿ ನನ್ನ ಫೋನು ಕೂಗಿತು. ಎಡಗೈಯಲ್ಲಿ ಎತ್ತಿ ಕಿವಿಗಿಟ್ಟೆ. "ಅಣ್ಣಾ! ಹೆಣ್ಣು ಕಣಣ್ಣಾ! ಹೆಣ್ಣು! ಇಬ್ರೂ ಚೆಂದಾಗವ್ರೆ!" ರಂಗ ಅಳುತ್ತಲೂ ನಗುತ್ತಲೂ ಕೂಗುತ್ತಿದ್ದ. ಆ ಸಂತೋಷದಲ್ಲಿ ಕೈಯಲ್ಲಿ ಏನಿತ್ತೋ ಅದನ್ನು ಬಲವಾಗಿ ಹಿಸುಕಿಬಿಟ್ಟೆ. ಕೈಯಲ್ಲಿದ್ದದ್ದು ಅಂಜಿನಪ್ಪನ ಕೈ.

ಶಿರಾ ಎಂದು ಕರೆದಾಗ ಎದ್ದು ನಿಂತವನು ಅಂಜಿನಪ್ಪ. "ಮಾರುತಿ" ಎಂದ.

ಸಂಜೆ ಆಸ್ಪತ್ರೆಗೆ ಹೋದೆ. ಒಂದು ಕಂಕುಳಲ್ಲಿ ಎರಡು ಫುಟ್ಬಾಲು, ಇನ್ನೊಂದರಲ್ಲಿ ಬಲೆ. ಬಾಗಿಲಲ್ಲಿದ್ದ ನರ್ಸಮ್ಮ, "ಏನ್ರೀ ಇದು, ಮೀನು ಹಿಡಿಯೋಕೆ ಬಂದ್ರಾ?" ಎಂದರು. ರಂಗ ಮಗುವನ್ನು ಎತ್ತಿಕೊಂಡು ಎದುರಿಗೆ ಬಂದ.

"ನೋಡಣ್ಣ, ಅವ್ವನ ಮೂಗು. ಮಾರುತಿ ಏನಂದ? ಖುಷಿ ಆದ್ನಾ?"

ನಾನು ಬಾಲು, ಬಲೆ ಕೆಳಗಿಟ್ಟೆ. ಓಬಳೇಶನ ವಿಷಯ ಹೇಳಿದೆ. ರಂಗನ ಮುಖದ ಬಣ್ಣ ಹೋಯಿತು. ಮಗುವನ್ನು ಅವ್ವನ ಕೈಗೆ ಕೊಟ್ಟು ಗೋಡೆಗೆ ಒರಗಿ ನಿಂತ. ಎರಡು ವರ್ಷದ ಭಾನುವಾರಗಳೆಲ್ಲ ಅವನ ಕಣ್ಣ ಮುಂದೆ ಹಾದುಹೋಗುತ್ತಿದ್ದುದು ನನಗೆ ಕಾಣುತ್ತಿತ್ತು. ಬಾಯಿಗೆ ಬಂದದ್ದನ್ನು ಹೇಳಿದೆ: "ಫೋನ್ ಮಾಡ್ದಲ್ಲ ನೀನು, ಹೆಣ್ಣು ಅಂತ... ಆ ಖುಷೀಲಿ ಕೈ ಹಿಸುಕ್ಬುಟ್ಟೆ ಕಣ್ಲಾ."

ರಂಗ ನನ್ನನ್ನೇ ನೋಡಿದ. ಅವನ ತುಟಿ ನಡುಗಿತು. ಅತ್ತೇಬಿಟ್ಟ ಎಂದುಕೊಂಡೆ. ಅವನು ನಗುತ್ತಿದ್ದ. ಮೊದಲು ಸಣ್ಣಗೆ, ಆಮೇಲೆ ಗೋಡೆ ಹಿಡಿದುಕೊಂಡು, ಆಮೇಲೆ ನೆಲದ ಮೇಲೆ ಕೂತು. ಅವ್ವ ನಕ್ಕಳು, ನರ್ಸಮ್ಮ ನಕ್ಕರು. ಹಾಸಿಗೆಯಿಂದ ಶೋಭಾ, "ಭಾವಾ, ಕೈ ಮುಗೀತೀನಿ, ನಗುಸ್ಬ್ಯಾಡಿ, ಹೊಲ್ಗೆ ಹಾಕವ್ರೆ, ನೋಯ್ತದೆ" ಎನ್ನುತ್ತ ತಾನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ರಂಗ ಕಣ್ಣೊರೆಸಿಕೊಂಡು ಎದ್ದು ನನ್ನ ಭುಜ ತಟ್ಟಿದ. "ವೋಗ್ಲಿ ಬುಡಣ್ಣ. ನನ್ ಮಗ್ಳು ಹುಟ್ಟಿದ್ ಖುಷೀಲಿ ವೋದ ತಾನೆ."

ಓಬಳೇಶ ನಮ್ಮಲ್ಲಿಗೆ ಬಂದ. ಬಹಳ ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ದಿನಾ ಮೊಟ್ಟೆ ತಿಂದ, ಎಳೆಯ ಹುಡುಗರಿಗೆ ಕತೆ ಹೇಳಿದ, ಮೊದಲ ಪಂದ್ಯದಲ್ಲಿ ಚೆಂಡಿನ ಹಿಂದೆ ಸ್ವಲ್ಪ ದೂರ ಓಡಿ, ನಿಂತು, ನನ್ನತ್ತ ಕೈ ಎತ್ತಿದ. "ಮೋಕಾಲು ನೊಪ್ಪಿ ಅನ್ನಾ, ಕೊಂಚೆಂ ಕೂತ್ಕಂತೀನಿ." ಮೊಣಕಾಲು ಹಿಡಿದುಕೊಂಡು ಗೆರೆಯ ಆಚೆ ಕೂತವನು ಆಟಗಳೆಲ್ಲ ಮುಗಿಯುವವರೆಗೂ ಏಳಲಿಲ್ಲ. ಪಾವಗಡದ ಮೇಲಿನ ಪಂದ್ಯದಲ್ಲಿ ಮಾರುತಿ ನಮ್ಮ ಹುಡುಗರ ನಡುವೆ ಆ ಕಡೆ ಈ ಕಡೆ ತಿರುಗುತ್ತ ಬಂದು ಎಡಗಾಲಿನಲ್ಲಿ ಗೋಲು ಹೊಡೆದ. ಯಾರನ್ನೂ ಮುಟ್ಟಲಿಲ್ಲ. ಆ ಗೋಲಿನಲ್ಲಿ ಕಟ್ಟಿದ್ದದ್ದು ನಾನು ತಂದ ಬಲೆ. ಎದ್ದು ನಿಂತು ಚಪ್ಪಾಳೆ ಹೊಡೆದವನು ಇಡೀ ಶಿರಾ ಕಡೆಯಲ್ಲಿ ರಂಗ ಒಬ್ಬನೇ. "ಯಾರ್ ಕಡೆಯೋನ್ಲಾ ನೀನು?" ಎಂದು ಹಿಂದಿನಿಂದ ಯಾರೋ ಬೈದರು. ರಂಗ ಕೂತುಕೊಂಡು ಮೆಲ್ಲಗೆ, "ಏನ್ ಚೆಂದಾಗ್ ಹೊಡ್ದ ಅಲ್ವೇನಣ್ಣ" ಎಂದ. ಅವನು ನನ್ನನ್ನು ಬೈದಿದ್ದರೆ ಆ ರಾತ್ರಿ ನನಗೆ ಊಟವಾದರೂ ಸೇರುತ್ತಿತ್ತು.

ಹಿಸುಕಿದ ಕತೆ ಈಗ ನಮ್ಮ ನಂಟರಿಷ್ಟರಲ್ಲೆಲ್ಲ ಪ್ರಸಿದ್ಧ. ಮದುವೆ, ನಾಮಕರಣ ಯಾವುದಿದ್ದರೂ ಊಟವಾದ ಮೇಲೆ ಹೇಳಿಸುತ್ತಾರೆ. ನಾನೂ ಹೇಳುತ್ತೇನೆ, ಫೋನು ಎತ್ತುವ ಅಭಿನಯ ಮಾಡುತ್ತೇನೆ, ಜನ ಬಿದ್ದು ಬಿದ್ದು ನಗುತ್ತಾರೆ. ರಂಗ ಎಲ್ಲರಿಗಿಂತ ಹೆಚ್ಚು ನಗುತ್ತಾನೆ. ಅದೇ ನನ್ನನ್ನು ಸುಡುತ್ತದೆ. ಏಕೆಂದರೆ ನಡೆದದ್ದು ಹಾಗಲ್ಲ. ಫೋನು ಬಂದದ್ದು ನಿಜ, ಹೆಣ್ಣು ಎಂದದ್ದು ನಿಜ, ಸಂತೋಷವಾದದ್ದೂ ನಿಜ. ಆದರೆ ಫೋನು ಕೂಗಿದಾಗ ನನ್ನ ಕೈ ಟವೆಲ್ಲಿನಿಂದ ಹೊರಗೆ ಬಂದು ಆಗಲೇ ಹೊತ್ತಾಗಿತ್ತು. ವ್ಯಾಪಾರ ಮುಗಿದಿತ್ತು. ಅಂಜಿನಪ್ಪ ಕೊಡಿಸಿದ ಕಬ್ಬಿನ ಹಾಲನ್ನು ಕುಡಿಯುತ್ತ, ಬಲೆಯನ್ನೂ ಗಿಟ್ಟಿಸಿದೆನಲ್ಲ ಎಂದು ನಾನು ಮೀಸೆಯ ಕೆಳಗೆ ನಗುತ್ತಿದ್ದೆ. ತಮ್ಮನ ಎರಡು ವರ್ಷವನ್ನು ಪೂರ್ತಿ ಎಚ್ಚರದಲ್ಲಿ, ಪೂರ್ತಿ ಮನಸ್ಸಿನಿಂದ ಹಿಸುಕಿ ಕೊಟ್ಟವನು ನಾನು. ತಪ್ಪನ್ನು ಹೊರಿಸಿದ್ದು ಹುಟ್ಟಿ ಇನ್ನೂ ಕಣ್ಣು ಬಿಡದ ಕೂಸಿನ ಮೇಲೆ. ಇದನ್ನು ಹೇಳಬೇಕೆಂದು ಎಷ್ಟೋ ಸಲ ರಂಗನ ಮನೆಗೆ ಹೋಗಿದ್ದೇನೆ. ಪ್ರತಿ ಸಲವೂ ಶೋಭಾ ಮುದ್ದೆಗೆ ಒಳ್ಳೆಯ ಸಾರು ಮಾಡಿರುತ್ತಾಳೆ, ಉಂಡು ಬರುತ್ತೇನೆ.

ಆ ಕೂಸಿಗೆ ಈಗ ಅಂಗನವಾಡಿಗೆ ಹೋಗುವ ವಯಸ್ಸು. ನಂಟರೆಲ್ಲ ಅವಳ ಕೆನ್ನೆ ಹಿಂಡಿ, "ನಿನ್ ದೆಸೆಯಿಂದ ವೋದ ಕಣಮ್ಮ ಮಾರುತಿ" ಎಂದು ಕಾಡಿಸುತ್ತಾರೆ. ಮೊನ್ನೆ ನಾನು ಜಗುಲಿಯ ಮೇಲೆ ಒಬ್ಬನೇ ಕೂತಿದ್ದೆ. ಅವಳು ಬಂದು ನನ್ನ ಮೊಣಕಾಲಿಗೆ ಗದ್ದ ಊರಿ ನಿಂತಳು. ಮುಖ ಬಾಡಿತ್ತು.

"ದೊಡ್ಡಪ್ಪ, ನಾನು ಹುಟ್ಟಿದ್ಕೇ ಅಪ್ಪನ ಟೀಮ್ ಸೋತೋಯ್ತಂತೆ. ಹೌದಾ?"

ಅಕ್ಕಪಕ್ಕ ಯಾರೂ ಇರಲಿಲ್ಲ. ನಿಜ ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಎರಡೂ ಕೈಯಲ್ಲಿ ಕಿವಿ ಹಿಡಿದುಕೊಂಡು, "ಸಾರಿ ದೊಡ್ಡಪ್ಪ. ನಂಗೆ ಗೊತ್ತಿರ್ಲಿಲ್ಲ" ಎಂದಳು.

ಮಗು ಅಷ್ಟು ದೊಡ್ಡ ಮನಸ್ಸಿನಿಂದ ತಪ್ಪು ಒಪ್ಪಿಕೊಂಡಿರುವಾಗ ನಾನು ಏನು ತಾನೇ ಹೇಳಲಿ? ತಲೆ ಸವರಿ, "ವೋಗ್ಲಿ ಬುಡವ್ವ, ಇನ್ನೊಂದ್ ಸಲ ಇಂಗ್ ಮಾಡ್ಬ್ಯಾಡ" ಎಂದು ಕ್ಷಮಿಸಿಬಿಟ್ಟೆ.