ಕನ್ನಡ ಕ್ಲಾಸಿನಲ್ಲಿ ಕೋರಿ

ನಮ್ಮ ಕರಾವಳಿಯ ಮಗು ಮನೆಯಲ್ಲಿ ಒಂದು ಭಾಷೆ ಮಾತಾಡಿ, ಅಂಗಳದಲ್ಲಿ ಇನ್ನೊಂದರಲ್ಲಿ ಜಗಳವಾಡಿ, ಶಾಲೆಗೆ ಬಂದು ಮೂರನೆಯದರಲ್ಲಿ ಅಕ್ಷರ ಬರೆಯಬೇಕು. ಹಾಗಾಗಿ ಕನ್ನಡ ಕಲಿಸುವ ನನಗೆ ಫಜೀತಿ ತಪ್ಪಿದ ದಿನವಿಲ್ಲ.

೧. ಬೆಲ್ಲ

ಕಕ್ಕಿಂಜೆ ಕಡೆಯ ಶಾಲೆಯಲ್ಲಿದ್ದಾಗ, ರಬ್ಬರ್ ಟ್ಯಾಪಿಂಗಿಗೆ ಕೇರಳದಿಂದ ಬಂದವರ ಮಗಳು ಒಂದನೇ ಕ್ಲಾಸಿಗೆ ಸೇರಿದಳು. ಮೊದಲ ದಿನವೇ ನನ್ನ ಸೆರಗು ಹಿಡಿದು "ವೆಳ್ಳಂ, ವೆಳ್ಳಂ" ಎಂದು ಅಳು. ಪಾಪ, ಬೆಲ್ಲ ಕೇಳ್ತಾಳೆ ಅಂದುಕೊಂಡು ಬಿಸಿಯೂಟದ ಅಡುಗೆಯಕ್ಕನಿಂದ ಒಂದು ತುಂಡು ತರಿಸಿ ಕೊಟ್ಟೆ. ತಿಂದಳು. ಮತ್ತೆ "ವೆಳ್ಳಂ!" ಇನ್ನೊಂದು ತುಂಡು ಕೊಟ್ಟೆ. ಅಳು ಜೋರಾಯಿತು. ಮೂರನೆಯದಕ್ಕೆ ಹೇಳಿಕಳಿಸಿದಾಗ ಅಡುಗೆಯಕ್ಕ ಸೌಟು ಹಿಡಿದೇ ಓಡಿ ಬಂದರು.

"ಟೀಚರೇ, ಅವಳು ಮಲಯಾಳದಲ್ಲಿ ನೀರು ಕೇಳುವುದು ಮಾರಾಯ್ರೆ! ಬಾಯಾರಿದ ಮಗುವಿಗೆ ಬೆಲ್ಲ ತಿನ್ನಿಸ್ತಾ ಇದ್ದೀರಲ್ಲ!"

ಎರಡು ಲೋಟ ನೀರು ಗಟಗಟ ಇಳಿದ ಮೇಲೆ ಅಳು ನಿಂತಿತು. ಮರುದಿನ ಹುಡುಗಿ ನೀರು ತುಂಬಿದ ಲೋಟವನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಬಂದು, ಇನ್ನೊಂದು ಕೈ ಚಾಚಿ ನಗುತ್ತಾ ಕೇಳಿದಳು: "ವೆಳ್ಳಂ?"

೨. ರಜೆ ಕೋರಿ

ಮೂಡುಬಿದಿರೆ ಹತ್ತಿರದ ಶಾಲೆ, ನಾಲ್ಕನೇ ಕ್ಲಾಸು. ಬೋರ್ಡಿನಲ್ಲಿ "ರಜೆ ಕೋರಿ ಪತ್ರ ಬರೆಯಿರಿ" ಎಂದು ಬರೆದೆ. ತುಳುವಿನಲ್ಲಿ ಕೋರಿ ಎಂದರೆ ಕೋಳಿ. ಮನೆಯಲ್ಲಿ ತುಳುವೇ ಮಾತಾಡುವ ನನಗೂ ಅದು ಹೊಳೆಯಲಿಲ್ಲ. ಒಬ್ಬ ಬರೆದಿದ್ದ: "ನಾಳೆ ನಮ್ಮ ಮನೆಯಲ್ಲಿ ಕೋರಿ ಉಂಟು. ಆದ್ದರಿಂದ ರಜೆ ಕೊಡಬೇಕಾಗಿ ವಿನಂತಿ."

ನಾನು ನಗು ತಡೆದುಕೊಳ್ಳುವಷ್ಟರಲ್ಲಿ ಜೈನರ ಮನೆಯ ಹುಡುಗಿಯೊಬ್ಬಳು ಅಳುಮುಖ ಮಾಡಿಕೊಂಡು ಎದ್ದು ನಿಂತಳು.

"ಟೀಚರ್, ನಮ್ಮ ಮನೆಯಲ್ಲಿ ಕೋರಿ ಮಾಡುವುದೇ ಇಲ್ಲ. ನಮಗೆ ಯಾವತ್ತೂ ರಜೆ ಇಲ್ವಾ?"

೩. ಅಪ್ಪನ ಕನ್ನಡ

ಈಗ ಇರುವುದು ಬಿ.ಸಿ.ರೋಡಿನ ಹತ್ತಿರ. ಟೈಲ್ಸ್ ಕೆಲಸಕ್ಕೆ ಬಿಹಾರದಿಂದ ಬಂದವರ ಮಗಳೊಬ್ಬಳು ಎರಡು ತಿಂಗಳು ಬಾಯಿಯೇ ಬಿಡಲಿಲ್ಲ. ಊಟಕ್ಕೂ ಒಬ್ಬಳೇ. ನನ್ನ ಹಿಂದಿ ಕೇಳಿದರೆ ಇನ್ನಷ್ಟು ಹೆದರುತ್ತಿದ್ದಳು. ಕೊನೆಗೆ ಕುಂಟೆಬಿಲ್ಲೆ ಆಡುವ ಹುಡುಗಿಯರ ಗುಂಪಿಗೆ ಅವಳನ್ನು ಸೇರಿಸಿ, ದೇವರ ಮೇಲೆ ಭಾರ ಹಾಕಿದೆ.

ಮೊನ್ನೆ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಮಗಳು ಸಿಕ್ಕಿದರು. ಆತ ಕೈ ಮುಗಿದು ಹಿಂದಿಯಲ್ಲಿ, "ಮೇಡಂ, ನಿಮ್ಮಿಂದ ಮಗಳು ಕನ್ನಡ ಕಲಿತಳು" ಎಂದ. ಮಗಳಿಗೆ, "ಮಾತಾಡಿ ತೋರಿಸು" ಎಂದ.

ಹುಡುಗಿ ಒಂದೇ ಉಸಿರಿಗೆ, "ಟೀಚರೇ, ಈರ್ ಓಡೆ ಪೋಪಿನಿ? ಬಸ್ಸ್ ನನಲಾ ಬೈದಿಜಿ!" ಎಂದಳು. ಎಲ್ಲಿಗೆ ಹೋಗುವುದು, ಬಸ್ಸು ಇನ್ನೂ ಬಂದಿಲ್ಲ ಅಂತ. ಅಚ್ಚ ತುಳು!

ಅವಳ ಸ್ವರ ಕೇಳಿಯೇ ನನ್ನ ಕಣ್ಣು ತುಂಬಿತು. ಇದು ಕನ್ನಡ ಅಲ್ಲ ಎನ್ನಲು ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಅಪ್ಪ ಎದೆಯುಬ್ಬಿಸಿ ಹೇಳಿದ: "ನನಗೂ ಇವಳೇ ಕಲಿಸುವುದು, ಮೇಡಂ. ಈಗ ಬ್ಯಾಂಕಿನಲ್ಲೂ ನಾನು ಕನ್ನಡವೇ ಮಾತಾಡುವುದು."

ಅವರ ಬಸ್ಸು ಬಂತು. ಆತ ಕಿಟಕಿಯಿಂದ ಕೈ ಬೀಸುತ್ತಾ ತನ್ನ ಶುದ್ಧ ಕನ್ನಡದಲ್ಲಿ ಕೂಗಿದ:

"ಪೋದು ಬರ್ಪೆ, ಟೀಚರೇ!"