ಉಪ್ಪಿಗೆ ಬಾಗಿಲು ತೆಗೆಸುವ ಸಕ್ಕರೆ

ಶಿರಾಳಕೊಪ್ಪದಲ್ಲಿ ಕ್ಲಿನಿಕ್ ತೆರೆದಾಗಿನಿಂದ ಜನರೊಂದಿಗೆ ನನ್ನದು ಒಂದೇ ಜಗಳ. ಮೈಯೊಳಗಿನ ಜೀವಕೋಶಕ್ಕೆ ನೀರು ಹೋಗುವುದು ಹೇಗೆ ಅಂತ. ಭೇದಿಯಾದರೆ ನಾನು ಓಆರ್‌ಎಸ್ ಪುಡಿ ಕೊಟ್ಟು ಕುಡೀರಿ ಅಂತೀನಿ, ಬಂದವರು ಸೂಜಿ ಚುಚ್ಚಿ ಸಲೈನ್ ಬಾಟ್ಲಿ ಹಾಕಿ ಅಂತಾರೆ. ಇವತ್ತಿಗೂ ಮುಗಿದಿಲ್ಲ.

೧. ಡಬಲ್ ಡೋಸು

ಈಸೂರು ಕಡೆಯ ರೈತರೊಬ್ಬರಿಗೆ, ಒಂದು ಪೊಟ್ಟಣ ಪುಡಿ ಒಂದು ಲೀಟರ್ ನೀರಿಗೆ ಅಂತ ಒತ್ತಿ ಹೇಳಿ ಕಳಿಸಿದ್ದೆ. ಮರುದಿನ ಬಂದರು, ಭೇದಿ ಇನ್ನೂ ಜೋರಾಗಿತ್ತು. ಬೇಗ ವಾಸಿಯಾಗಲಿ ಅಂತ ಎರಡು ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದು ಕುಡಿದಿದ್ದಾರೆ ಮಹಾನುಭಾವರು. ನನಗೆ ಮೈಯೆಲ್ಲ ಉರಿಯಿತು. ಮೆಕ್ಕೆಜೋಳಕ್ಕೆ ಯೂರಿಯಾ ಜಾಸ್ತಿಯಾದರೆ ಏನಾಗುತ್ತದೆ ಅಂತ ಕೇಳಿದೆ. ಸುಟ್ಟುಹೋಗುತ್ತದೆ ಅಂದರು. ಹೊರಗೆ ಉಪ್ಪು ಹೆಚ್ಚಾದರೆ ಕೋಶದೊಳಗಿನ ನೀರೂ ಹೊರಗೆ ಬರುತ್ತದೆ, ನಿಮ್ಮ ಕರುಳಿನಲ್ಲೂ ಅದೇ ಆಗಿದ್ದು ಅಂದೆ. ಅವರು ತಲೆದೂಗಿದರು.

"ಹಂಗಾರ ಸರಿ ಆತು ಬಿಡ್ರಿ ಡಾಕ್ಟ್ರಮ್ಮ. ಯೂರಿಯಾ ಜಾಸ್ತಿ ಆದ್ರ ನಾವು ಹೊಲಕ್ಕೆ ನೀರು ಬಿಡ್ತೀವಿ. ನೀವೂ ಒಂದು ಬಾಟ್ಲಿ ಹಾಕಿಬಿಡ್ರಿ."

೨. ಏಕಾದಶಿ

ಶಿಕಾರಿಪುರದ ನಿವೃತ್ತ ಮೇಷ್ಟ್ರೊಬ್ಬರು ಏಕಾದಶಿಯ ದಿನ ಸುಸ್ತು ಅಂತ ಬಂದರು. ನೀರು ಕುಡೀರಿ ಅಂದರೆ, ಬಾಯಿಗೆ ಹನಿಯನ್ನೂ ಹಾಕುವಂತಿಲ್ಲವಂತೆ. ಬಾಟ್ಲಿಯಾದರೆ ನೇರ ರಕ್ತಕ್ಕೆ, ಅಲ್ಲಿಂದ ಕೋಶಕ್ಕೆ, ನಾಲಿಗೆಗೆ ಗೊತ್ತಾಗುವುದೇ ಇಲ್ಲವಾದ್ದರಿಂದ ವ್ರತಭಂಗವೂ ಇಲ್ಲವಂತೆ. ಬೈದರೂ ಏಳಲಿಲ್ಲ. ಪಾಪ ಅನಿಸಿ ಹಾಕಿದೆ. ಸೂಜಿ ಚುಚ್ಚುವಾಗ ಮೆಲ್ಲಗೆ ಕೇಳಿದರು.

"ಅದಕ್ಕೆ ಚೂರು ಕಾಫಿ ಬೆರೆಸೋಕಾಗುತ್ತಾ?"

೩. ಅಜ್ಜಿಯ ಪ್ರಶ್ನೆ

ಸೊರಬ ಕಡೆಯ ಅಜ್ಜಿಯೊಬ್ಬರನ್ನು ಸೊಸೆ ಕರೆತಂದಳು. ಬೆಳಗಿನಿಂದ ಭೇದಿ, ಕಣ್ಣು ಗುಳಿಬಿದ್ದಿತ್ತು, ನಾಲಿಗೆ ಒಣಗಿತ್ತು. ಬೇಡದವರೆಲ್ಲ ಬಾಟ್ಲಿ ಕೇಳುತ್ತಾರೆ, ನಿಜವಾಗಿ ಬೇಕಾಗಿದ್ದ ಈ ಅಜ್ಜಿ ಸೂಜಿ ಕಂಡೊಡನೆ ಮನೆಗೆ ಹೊರಟರು. ಓಆರ್‌ಎಸ್ ಕುಡಿಸೋಣವೆಂದರೆ, ಇದರಲ್ಲಿ ಎಂತ ಉಂಟು ಅಂತ ಕೇಳಿದರು. ಉಪ್ಪು, ಸಕ್ಕರೆ ಅಂದೆ. ಲೋಟ ದೂಡಿಯೇಬಿಟ್ಟರು. ಬಿಪಿ, ಶುಗರ್ ಇದೆ ಅಂತ ಉಪ್ಪು, ಸಕ್ಕರೆ ಎರಡನ್ನೂ ಬಿಡಿಸಿದವಳು ನಾನೇ. ನನ್ನ ಮಾತು ಕೇಳಿ ಸೊಸೆ ವರ್ಷದಿಂದ ಸಪ್ಪೆ ಸಾರು ಬಡಿಸುತ್ತಿದ್ದಳು. ಈಗ ಇಬ್ಬರೂ ಸೇರಿ ತನ್ನನ್ನು ಬೇಗ ಮೇಲಕ್ಕೆ ಕಳಿಸುತ್ತಿದ್ದೇವೆ ಅಂತ ಅಜ್ಜಿಗೆ ಗುಮಾನಿ.

ನನಗೆ ನಿಜಕ್ಕೂ ಹೆದರಿಕೆಯಾಯಿತು. ಕುಡಿಯದಿದ್ದರೆ ಜೀವಕ್ಕೇ ಸಂಚಕಾರ. ಪಕ್ಕದಲ್ಲಿ ಕೂತು ಹೇಳಿದೆ, ಕರುಳಿನ ಕೋಶಕ್ಕೊಂದು ಬಾಗಿಲಿದೆ ಅಜ್ಜಿ, ಉಪ್ಪು ಒಂದೇ ಬಂದರೆ ಅದು ತೆಗೆಯುವುದಿಲ್ಲ, ಸಕ್ಕರೆಯ ಕೈ ಹಿಡಿದುಕೊಂಡೇ ಬರಬೇಕು, ಅವೆರಡೂ ಒಳಗೆ ಹೋದರೆ ನೀರು ಹಿಂದೆಯೇ ಹೋಗುತ್ತದೆ ಅಂತ. ಅಜ್ಜಿ ದೂಡಿದ್ದ ಲೋಟವನ್ನು ತಾವೇ ಹತ್ತಿರ ಎಳೆದುಕೊಂಡರು. ಆಮೇಲೆ ಗುಟುಕು ಗುಟುಕಾಗಿ ಪೂರ್ತಿ ಲೋಟ ಕುಡಿದು ಇನ್ನೊಂದು ಕೇಳಿದರು. ನನಗೆ ಹೋದ ಜೀವ ಬಂತು.

ಸಂಜೆಗೆ ಎದ್ದು ಕೂತವರು ನನ್ನನ್ನು ಹತ್ತಿರ ಕರೆದರು.

"ಸಕ್ಕರೆ ಇಲ್ದೇ ಉಪ್ಪು ಒಳಗೆ ಹೋಗುದಿಲ್ಲ ಅಂದ್ರಲ್ಲ ಡಾಕ್ಟ್ರಮ್ಮ?"

ಹೌದಜ್ಜಿ ಅಂದೆ. ನನ್ನ ಪಾಠ ಒಬ್ಬರಿಗಾದರೂ ತಲೆಗೆ ಹತ್ತಿತಲ್ಲ ಅಂತ ಖುಷಿಯಾಗಿತ್ತು.

"ನಾ ಸಕ್ಕರೆ ಬಿಟ್ಟು ವರ್ಷ ಆಯ್ತು. ಮತ್ತೆ ನನ್ನ ಉಪ್ಪಿನಕಾಯಿ ಎಂತಕ್ಕೆ ಬಿಡಿಸಿದ್ರಿ?"